ಇಟ್ಟಂಗಿ ಬಣ್ಣದ ಸಾಕ್ಷಿ

ಸೊಲ್ಲಾಪುರದ ಬೆಲ್ಲದ ಪೇಠೆಯಲ್ಲಿ ಹದಿನೈದು ವರ್ಷ ಬೆಲ್ಲ ಹೊತ್ತವನು ತಡವಳದ ಹುಲೆಪ್ಪ. ಗದೆ ಹೊತ್ತವರ ಕಥೆಗಳಿವೆ, ಬೆಟ್ಟ ಹೊತ್ತವರ ಕಥೆಗಳಿವೆ. ಬೆಲ್ಲದ ಪೆಂಟೆಯನ್ನು, ಆ ಗಟ್ಟಿ ಮುದ್ದೆಯನ್ನು, ಹೊತ್ತವನ ಮೇಲೆ ಮಾತ್ರ ಯಾವ ಕವಿಯೂ ಒಂದು ಸಾಲು ಖರ್ಚು ಮಾಡಿಲ್ಲ. ಆದರೆ ವೀರನಿಗೆ ಇರಬೇಕಾದದ್ದೆಲ್ಲ ಅವನಿಗೂ ಇತ್ತು. ತಲೆಯ ಮೇಲಿನ ಗೋಣಿತಟ್ಟು ಅವನ ಕಿರೀಟ. ಕೈಯಲ್ಲಿನ ಕಬ್ಬಿಣದ ಕೊಕ್ಕೆ ಅವನ ಆಯುಧ. ಬೆನ್ನಿಗೆ ಅಂಟಿದ ಬೆಲ್ಲದ ಜಿಡ್ಡಿನ ಹಿಂದೆ ಗುಂಯ್‌ಗುಡುತ್ತ ಬರುತ್ತಿದ್ದ ನೊಣಗಳು ಅವನ ಬಿರುದಾವಳಿ ಹಾಡುವ ಭಟ್ಟಂಗಿಗಳು. ಲಾರಿಯಿಂದ ತಕ್ಕಡಿಗೆ, ತಕ್ಕಡಿಯಿಂದ ಗೋದಾಮಿಗೆ ಒಟ್ಟು ನಲವತ್ತು ಹೆಜ್ಜೆ. ಆ ನಲವತ್ತು ಹೆಜ್ಜೆಯ ಸಾಮ್ರಾಜ್ಯದಲ್ಲಿ ಅವನು ದಿನಕ್ಕೆ ನೂರು ಸಲ ದಂಡೆತ್ತಿ ಹೋಗಿ ನೂರು ಸಲ ಬರಿಗೈಯಲ್ಲಿ ಮರಳುತ್ತಿದ್ದ.

ಪೇಠೆಯ ಹಮಾಲರಿಗೆಲ್ಲ ಗೊತ್ತಿದ್ದ, ಸಾವುಕಾರರಿಗೆಲ್ಲ ಮರೆತುಹೋಗಿದ್ದ ಒಂದು ಸತ್ಯವಿದೆ. ಬೆಲ್ಲದ ಹಮಾಲ ಬೆಲ್ಲ ತಿನ್ನುವುದಿಲ್ಲ. ಮೊದಲ ತಿಂಗಳು ತಿನ್ನುತ್ತಾನೆ, ಕದ್ದು ಮುಚ್ಚಿ, ಮುಷ್ಟಿಗಟ್ಟಲೆ. ಎರಡನೇ ತಿಂಗಳಿಗೆ ಅದರ ವಾಸನೆಗೇ ಹೊಟ್ಟೆ ತೊಳಸುತ್ತದೆ. ಹುಲೆಪ್ಪ ಸಂಕ್ರಾಂತಿಗೆ ನೆರೆಯವರು ಕೊಟ್ಟ ಎಳ್ಳುಬೆಲ್ಲವನ್ನು ಕೂಡ ಹೆಂಡತಿ ಮಲಕಮ್ಮನ ಕೈಗೇ ದಾಟಿಸಿಬಿಡುತ್ತಿದ್ದ. ಅವನ ಊಟವೆಂದರೆ ಐದು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಮೇಲೆ ನೀರು.

ಎಪ್ಪತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಆ ನೀರು ಸ್ವಲ್ಪ ಹೆಚ್ಚಾಗತೊಡಗಿತು. ಕೊಡಪಾನ ಎತ್ತಿದರೆ ಅರ್ಧ ಇಳಿಸಿಯೇ ಕೆಳಗಿಡುತ್ತಿದ್ದ.

"ಹುಲ್ಯಾ, ಏಕರುಖ ಕೆರಿಗೆ ನೇರ ಬಾಯಿ ಹಚ್ಚಿಬಿಡಲೇ, ನಳದ ಮ್ಯಾಲಿನ ಗದ್ದಲರ ಕಡಿಮಿ ಆಗತೈತಿ," ಎಂದ ಹಮಾಲರ ಮುಕಾದಮ ಪೀರಪ್ಪ.

"ಬಿಸಲರಿ ಮುಕಾದಮ್ರ."

"ಬಿಸಲು ನಮಗೂ ಐತಿ. ನಾವೇನು ಗೋದಾಮಿನ ಹಿಂದ ತಾಸಿಗೊಮ್ಮಿ ಹೊಲ ಹಾಯಸಾಕ ಹೋಗ್ತೀವೇನು?"

ಎಲ್ಲರೂ ನಕ್ಕರು. ಹುಲೆಪ್ಪನೂ ನಕ್ಕ. ತಾಸಿಗೊಮ್ಮೆ ಅವನು ನಿಲ್ಲುತ್ತಿದ್ದ ಆ ಹಿಂಗೋಡೆಯ ಬುಡಕ್ಕೆ ಇರುವೆಗಳು ಮುತ್ತುತ್ತಿದ್ದವು. ತಡವಳದಲ್ಲಾಗಿದ್ದರೆ ಯಾವುದಾದರೂ ಮುದುಕಿ ಅದನ್ನು ನೋಡಿ ಏನೋ ಕೆಟ್ಟದ್ದು ಎಂದು ಹೇಳುತ್ತಿದ್ದಳು. ಬೆಲ್ಲದ ಪೇಠೆಯಲ್ಲಿ ಇರುವೆ ಇಲ್ಲದ ಗೋಡೆ ಯಾವುದು? ಹೀಗೆ ರೋಗವು ತನಗೆ ಬೇಕಾದ ಊರನ್ನೇ ಹುಡುಕಿಕೊಂಡು ಬಂದು, ಹಗಲು ಬೆಳಕಿನಲ್ಲಿ ಯಾರಿಗೂ ಕಾಣದೆ ಕೂತಿತು.

ಅವನ ಧಣಿ ಸಾತಲಿಂಗಪ್ಪ ಸಾವುಕಾರರ ರೋಗ ಹಾಗಲ್ಲ. ಅದಕ್ಕೆ ಇಡೀ ಪೇಠೆಯಲ್ಲಿ ಮಾನಮರ್ಯಾದೆ ಇತ್ತು. ಸಕ್ಕರೆ ಕಾಯಿಲೆ ಎಂದರೆ ಆ ಕಾಲಕ್ಕೆ ಮೋಟಾರು ಗಾಡಿಯಂಥದ್ದು, ಎಲ್ಲರ ಮನೆ ಮುಂದೆ ನಿಲ್ಲುವಂಥದ್ದಲ್ಲ. ಸಾವುಕಾರರು ಅದನ್ನು ಪಡೆದದ್ದು ಕೂಡ ಪೌರುಷದಿಂದ. ಬೋರಾಮಣಿಯ ಒಂದು ಮದುವೆಯಲ್ಲಿ ಇಪ್ಪತ್ತೇಳು ಹೋಳಿಗೆಯನ್ನು ತುಪ್ಪದಲ್ಲಿ ಮುಳುಗಿಸಿ ಕೊಂದು, ಬಡಿಸುವವನು ಕೈಸೋತು ನಿಂತಾಗ, "ಇಷ್ಟೇ ಏನು?" ಎಂದು ಕೇಳಿದ ಮಹಾರಥಿ ಅವರು. ಈಗ ದಿನಾ ಬೆಳಿಗ್ಗೆ ಹೆಂಡತಿ ಗಂಗುಬಾಯಿ ಗಾಜಿನ ಪಿಚಕಾರಿಯನ್ನು ಕುದಿಸಿ, ಮಹಾರಥಿಯ ತೊಡೆಗೆ ಇನ್ಸುಲಿನ್ ಚುಚ್ಚುತ್ತಿದ್ದಳು. ಆ ಔಷಧ ಎಲ್ಲಿಂದ ಬರುತ್ತದೆ ಎಂದು ಸಾವುಕಾರರು ಒಮ್ಮೆ ಕೇಳಿದ್ದುಂಟು. "ಕಾರಖಾನಿಯಿಂದ," ಎಂದಿದ್ದರು ಡಾಕ್ಟರ್ ಅಮೃತಪ್ಪ. ಕಾರಖಾನೆಗೆ ಎಲ್ಲಿಂದ ಬರುತ್ತದೆ, ದನದಿಂದಲೋ ಹಂದಿಯಿಂದಲೋ ಎಂಬುದನ್ನು ಮೂರು ಹೊತ್ತು ಲಿಂಗಪೂಜೆಯ ಮನುಷ್ಯನಿಗೆ ಹೇಳಲಿಲ್ಲ. ಒಳ್ಳೆಯ ವೈದ್ಯರು ಅವರು.

ಪ್ರತಿ ಬುಧವಾರ ಸಾವುಕಾರರ ಉಚ್ಚೆ ಒಂದು ಬಾಟಲಿಯಲ್ಲಿ ಅಮೃತಪ್ಪನವರ ದವಾಖಾನೆಗೆ ಹೋಗಬೇಕು. ಅಲ್ಲಿ ನೀಲಿ ದ್ರಾವಣದಲ್ಲಿ ಅದರ ಎಂಟು ಹನಿ ಹಾಕಿ, ನಳಿಗೆಯನ್ನು ಸ್ಪಿರಿಟ್ ದೀಪದ ಮೇಲೆ ಹಿಡಿಯುತ್ತಾರೆ. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಹೆಚ್ಚು, ಇಟ್ಟಂಗಿ ಬಣ್ಣಕ್ಕೆ ತಿರುಗಿದರೆ ಮುಗಿಯಿತು, ಗಂಗುಬಾಯಿಯ ಕಣ್ಣೂ ಅದೇ ಬಣ್ಣಕ್ಕೆ ತಿರುಗುತ್ತಿತ್ತು.

ಜ್ಯೇಷ್ಠ ಮಾಸಕ್ಕೆ ನಾಗಣಸೂರಿನ ಬೀಗರ ಮನೆಯಲ್ಲಿ ಮದುವೆ ಬಂತು. ಹೋಳಿಗೆ ಊಟ. ಸಾವುಕಾರರು ಡಾಕ್ಟರ ಮುಂದೆ ಮಗುವಿನಂತೆ ಹಟ ಹಿಡಿದರು. ಮೂರು ಬುಧವಾರ ಸತತವಾಗಿ ನೀಲಿ ಬಂದರೆ ಎರಡು ಹೋಳಿಗೆಗೆ ಅಪ್ಪಣೆ ಎಂದು ತೀರ್ಪಾಯಿತು. ಇಪ್ಪತ್ತೇಳರ ವೀರನಿಗೆ ಎರಡು! ಆದರೂ ಸೋತ ರಾಜ ಸಿಕ್ಕ ಸೀಮೆಯನ್ನೇ ಒಪ್ಪಿಕೊಳ್ಳುವಂತೆ ಒಪ್ಪಿಕೊಂಡರು. ತಮ್ಮ ಉಚ್ಚೆಯ ಮೇಲೆ ಅವರಿಗೆ ಭರವಸೆ ಇರಲಿಲ್ಲ, ಯಾಕೆಂದರೆ ಹಣದ ಗಲ್ಲೆಯ ಕೆಳಗಿನ ಡಬ್ಬಿಯಲ್ಲಿ ಎಂಥೆಂಥ ಸಿಹಿ ಅಡಗಿದೆ ಎಂಬುದು ಅವರಿಗೆ ಮಾತ್ರ ಗೊತ್ತಿತ್ತು. ಆಗ ಅವರ ದೃಷ್ಟಿ ಲಾರಿಯಿಂದ ಪೆಂಟೆ ಇಳಿಸುತ್ತಿದ್ದ ಹುಲೆಪ್ಪನ ಮೇಲೆ ಬಿತ್ತು. ಒಣಗಿದ ಮೈ, ಎಣಿಸಬಹುದಾದ ಪಕ್ಕೆಲುಬು. ರೊಟ್ಟಿ ತಿಂದು ದುಡಿಯುವ ಜೀವ. ಇವನ ಉಚ್ಚೆ ಆಕಾಶದ ಹಾಗೆ ನೀಲಿ ಇರಲೇಬೇಕು.

ಗೋದಾಮಿನ ಹಿಂದೆ ಕರೆದು ಬಾಟಲಿ ಕೊಟ್ಟರು.

"ಇದರಾಗ ಹೊಯ್ಯಿ."

"ಏನರಿ ಸಾವಕಾರ್ರ?"

"ಏನಂದ್ರ? ನೀ ತಾಸಿಗೊಮ್ಮಿ ಇಲ್ಲಿ ಏನು ಗಂಗಾಜಲ ಚಿಮಕಸ್ತಿ ಏನು? ಅದನ್ನ ಹೊಯ್ಯಿ. ಯಾರ ಮುಂದೂ ಬಾಯಿ ಬಿಡಬ್ಯಾಡ. ಬಿಟ್ಟಿ ಅಂದ್ರ ನಾಳಿಗಿ ಪೇಠ್ಯಾಗ ನಿನಗ ಜಾಗ ಇಲ್ಲ."

ಹದಿನೈದು ವರ್ಷದಲ್ಲಿ ಸಾವುಕಾರರು ಅವನ ಬೆನ್ನು ಕೇಳಿದ್ದರು, ಕೈ ಕೇಳಿದ್ದರು. ಇದನ್ನು ಕೇಳಿದ್ದು ಮೊದಲ ಸಲ. ಹುಲೆಪ್ಪ ಧಾರಾಳವಾಗಿ ಕೊಟ್ಟ. ಆ ದಿನಗಳಲ್ಲಿ ಅವನ ಹತ್ತಿರ ಹೇರಳವಾಗಿದ್ದದ್ದು ಅದೊಂದೇ.

ಬಾಟಲಿಯ ಚೀಲವನ್ನು ದವಾಖಾನೆಗೆ ಹೊತ್ತು ತಂದವನೂ ಅವನೇ. ಬಾಗಿಲಲ್ಲಿ ನಿಂತು ನೋಡಿದ. ದೀಪದ ಮೇಲೆ ನಳಿಗೆಯ ನೀಲಿ ನಡುಗಿತು, ಹಸಿರಾಯಿತು, ಕಣ್ಣು ಮಿಟುಕಿಸುವುದರಲ್ಲಿ ಹಳದಿಯಾಯಿತು, ಕೊನೆಗೆ ಹೊಸದಾಗಿ ಸುಟ್ಟ ಇಟ್ಟಂಗಿಯ ಪುಡಿ ಕಲಸಿದಂತೆ ಕೆಂಪಾಗಿ ತಳಕ್ಕೆ ಕೂತಿತು. ತನ್ನೊಳಗೆ ಅಂಥ ಬಣ್ಣವಿದೆ ಎಂದು ಹುಲೆಪ್ಪನಿಗೆ ತಿಳಿದಿರಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದೂ ತಿಳಿಯಲಿಲ್ಲ. ಗಂಡನ ಜೊತೆ ಬಂದಿದ್ದ ಗಂಗುಬಾಯಿಯ ಮಾತಿನಿಂದ ತಿಳಿಯಿತು.

"ಏನ್ರೀ, ನಾಚಕಿ ಬರಂಗಿಲ್ಲೇನು? ಬೆಕ್ಕಿನಿಂದ ಹಾಲು ಕಾದಂಗ ಹಗಲೆಲ್ಲಾ ನಿಮ್ಮನ್ನ ಕಾದೀನಿ. ಎಲ್ಲಿ ತಿಂದ್ರಿ?"

ಈ ಉಚ್ಚೆ ನನ್ನದಲ್ಲ ಎಂದು ಸಾವುಕಾರರು ಹೇಳುವುದು ಹೇಗೆ? ಲೋಕದ ಇತಿಹಾಸದಲ್ಲಿ ಇನ್ನೊಬ್ಬನ ಪಾಪವನ್ನು ಹೊತ್ತ ಮಹಾತ್ಮರಿದ್ದಾರೆ, ಆದರೆ ಇಷ್ಟು ಬೈದುಕೊಳ್ಳುತ್ತ ಹೊತ್ತವರು ಕಡಿಮೆ. ಡಾಕ್ಟರು ಇನ್ಸುಲಿನ್ನಿನ ಪ್ರಮಾಣವನ್ನು ಇಪ್ಪತ್ತು ಯೂನಿಟ್ಟಿನಿಂದ ಇಪ್ಪತ್ತೆಂಟಕ್ಕೆ ಏರಿಸಿದರು.

ಎರಡನೇ ಬುಧವಾರಕ್ಕೆ ಸಾವುಕಾರರು ಪೂರ್ಣ ಮುನ್ನೆಚ್ಚರಿಕೆ ವಹಿಸಿದರು. ಎರಡು ದಿನ ಹುಲೆಪ್ಪ ಅಂಗಡಿಯ ಕಟ್ಟೆಯ ಮೇಲೆ, ಅವರ ಕಣ್ಣೆದುರಿಗೇ ಉಣ್ಣಬೇಕು, ರೊಟ್ಟಿ ಮತ್ತು ಹಿಂಡಿ ಮಾತ್ರ. ಅವನು ಹಾಗೇ ಮಾಡಿದ. ಆ ಎರಡು ದಿನ ಲಾರಿಗಳು ಬರಲಿಲ್ಲ, ಹೊರುವ ಕೆಲಸವೂ ಇರಲಿಲ್ಲ. ತಿಂದು, ಕಟ್ಟೆಗೆ ಒರಗಿ ಕೂತ. ಬುಧವಾರ ನಳಿಗೆ ಹಿಂದಿನ ವಾರಕ್ಕಿಂತ ಕೆಂಪಾಗಿ ಉರಿಯಿತು. ಡಾಕ್ಟರು ಮೂವತ್ತಾರು ಎಂದು ಬರೆದರು.

ಮನೆಗೆ ಬಂದ ಸಾವುಕಾರರು ವ್ಯಾಪಾರಿಯ ಬುದ್ಧಿಯಿಂದ ಯೋಚಿಸಿದರು. ರೊಟ್ಟಿ ಸಿಹಿಯಲ್ಲ. ಉಚ್ಚೆಯಲ್ಲಿ ಸಕ್ಕರೆ ಇದೆ. ಸಕ್ಕರೆ ತಾನಾಗಿ ಹುಟ್ಟುವುದಿಲ್ಲ. ಇವನ ಸುತ್ತಮುತ್ತ ಇರುವ ಸಿಹಿ ಎಂದರೆ ನನ್ನ ಬೆಲ್ಲ ಒಂದೇ. ಗೋದಾಮಿನಲ್ಲಿ ನಾಲ್ಕು ಪೆಂಟೆಗಳ ಮೂಲೆ ಮುರಿದದ್ದೂ ಉಂಟು. ಪ್ರತಿ ವರ್ಷ ಅದನ್ನು ಹೆಗ್ಗಣದ ಲೆಕ್ಕಕ್ಕೆ ಬರೆಯುತ್ತಿದ್ದರು. ಈ ವರ್ಷ ಹೆಗ್ಗಣಕ್ಕೆ ಹೆಸರು ಸಿಕ್ಕಿತು.

"ಕಳ್ಳ ನನ್ನ ಮಗನ, ಹದಿನೈದು ವರ್ಷ ನನ್ನ ಬೆಲ್ಲಾ ತಿಂದು ನನ್ನ ಮುಂದ ರೊಟ್ಟಿ ನಾಟಕ ಮಾಡ್ತಿ?" ಎಂದು ನಡುಪೇಠೆಯಲ್ಲಿ ಕೂಗಿದರು.

"ಇಲ್ಲರಿ ಸಾವಕಾರ್ರ. ಬೆಲ್ಲದ ನಾತ ನನಗ ಸೇರಂಗಿಲ್ಲರಿ. ಮಲಕಮ್ಮನ ಕೇಳ್ರಿ."

"ನನ್ನ ಕಡೆ ಸಾಕ್ಷಿ ಅದ!"

ಪೀರಪ್ಪ ಮುಕಾದಮ ಮುಂದೆ ಬಂದ. "ಯಾರರಿ ಸಾಕ್ಷಿ?"

ಸಾವುಕಾರರ ಮುಖ ಒಂದು ಕ್ಷಣ ನಳಿಗೆಯಂತೆ ಬಣ್ಣ ಬದಲಿಸಿತು. ಗಾಜಿನೊಳಗಿನ ಸಾಕ್ಷಿಯನ್ನು ಪೇಠೆಯಲ್ಲಿ ನಿಲ್ಲಿಸುವುದೆಂತು? "ಅದ ಅಂದ್ರ ಅದ. ಬ್ಯಾಡ, ಪಂಚರು ಬ್ಯಾಡ. ಇವ ಅಕ್ಕಲಕೋಟಕ್ಕ ಬರಲಿ. ಆಲದ ಗಿಡದ ಕೆಳಗ ಸ್ವಾಮಿಗಳ ಗುಡಿ ಕಟ್ಟಿ ಮ್ಯಾಲ ಕೈಯಿಟ್ಟು, 'ನಾ ಬೆಲ್ಲಾ ತಿಂದಿಲ್ಲ' ಅಂತ ಆಣಿ ಮಾಡಲಿ. ಮಾಡಿದ್ರ ಇವನ ಜಾಗ ಇವಂದು. ನಾನೂ ನಡಕೋತ ಬರ್ತೀನಿ."

ಪೇಠೆ ತಲೆದೂಗಿತು. ಅಕ್ಕಲಕೋಟೆಯ ಆಣೆಯ ಮೇಲೆ ಆ ಪೇಠೆಯಲ್ಲಿ ಇನ್ನೊಂದು ಕೋರ್ಟು ಇರಲಿಲ್ಲ. ಹುಲೆಪ್ಪನಿಗೆ ಹಗುರವಾಯಿತು. ತಿಂದಿಲ್ಲ ಎಂದು ಹೇಳುವುದಷ್ಟೇ ತಾನೆ? ಅದಕ್ಕಿಂತ ಸುಲಭವಾದ ಮಾತು ಅವನ ಬಾಯಲ್ಲಿ ಇನ್ನೊಂದಿರಲಿಲ್ಲ.

ಗುರುವಾರ ನಸುಕಿನಲ್ಲಿ ಹೊರಟರು. ದಾರಿ ಹತ್ತೊಂಬತ್ತು ಕೋಸು, ಅಂದರೆ ಮೂವತ್ತೆಂಟು ಮೈಲಿ ಇದೆ ಎಂದು ಸಾವುಕಾರರು ಹೇಳಿಕೊಳ್ಳುತ್ತಿದ್ದರು, ಮೈಲುಗಲ್ಲುಗಳು ಇಪ್ಪತ್ತೈದು ಮೈಲಿಗೂ ಕಡಿಮೆ ಎನ್ನುತ್ತಿದ್ದವು. ಗುರುವಾರ ಸ್ವಾಮಿಗಳ ವಾರವಾದ್ದರಿಂದ ಸಾವುಕಾರರಿಗೆ ಉಪವಾಸ. ಗಂಗುಬಾಯಿ ಮೂವತ್ತಾರರ ಸೂಜಿಯನ್ನು ಮಾತ್ರ ತಪ್ಪಿಸಲಿಲ್ಲ. ಔಷಧಕ್ಕೆಲ್ಲಿಯ ಉಪವಾಸ? ಹುಲೆಪ್ಪನ ತಲೆಯ ಮೇಲೆ ಸ್ವಾಮಿಗಳ ನೈವೇದ್ಯಕ್ಕೆಂದು ಐದು ಕಿಲೋದ ಬೆಲ್ಲದ ಪೆಂಟೆ, ಹೊಸ ಬಟ್ಟೆಯಲ್ಲಿ ಕಟ್ಟಿ ಗಂಟಿಗೆ ಅರಗಿನ ಮುದ್ರೆ ಒತ್ತಿದ್ದು. ಕಳ್ಳನ ತಲೆಯ ಮೇಲೆ ಬೆಲ್ಲ ಹೊರಿಸಿ ಕಳ್ಳತನದ ಆಣೆಗೆ ಕರೆದೊಯ್ಯುವುದು ಸಾವುಕಾರರಿಗೆ ವಿಚಿತ್ರವೆನಿಸಲಿಲ್ಲ. ಹೊರುವವರು ಬೇರೆ ಯಾರಿದ್ದರು?

ಹೊರಡುವಾಗ ಗಂಗುಬಾಯಿ ಹುಲೆಪ್ಪನನ್ನು ಪಕ್ಕಕ್ಕೆ ಕರೆದಳು. "ಹುಲೆಪ್ಪಾ, ಅವರು ಒಮ್ಮಿಗೇ ಬೆವತು, ಕೈ ನಡಗಿ, ಏನೇನರ ಮಾತಾಡಾಕತ್ತಿದ್ರ ಲಗೂನ ಬಾಯಾಗ ಸಿಹಿ ಹಾಕು. ಡಾಕ್ಟರ ಹೇಳ್ಯಾರ. ಕಿಸೇದಾಗ ಸಕ್ರಿ ಪುಡಿಕಿ ಇಟ್ಟೀನಿ."

ಆ ಪುಡಿಕೆ ಊರ ಗಡಿ ದಾಟಲಿಲ್ಲ. ಮೊದಲ ಮೈಲುಗಲ್ಲಿನ ಬಳಿ ಸಾವುಕಾರರು ಅದನ್ನು ಬಿಚ್ಚಿ, ಕಣ್ಣು ಮುಚ್ಚಿ, ಆಪತ್ಕಾಲದ ಸಕ್ಕರೆಯನ್ನು ಸುಖಕಾಲದಲ್ಲಿಯೇ ಮುಗಿಸಿ ಕಾಗದವನ್ನು ನೆಕ್ಕಿ ಎಸೆದರು. "ಇದು ಔಷಧ, ಇದಕ್ಕ ಉಪಾಸ ಮುರಿಯಂಗಿಲ್ಲ," ಎಂದು ಹುಲೆಪ್ಪನಿಗೆ ಧರ್ಮಸೂಕ್ಷ್ಮವನ್ನೂ ತಿಳಿಸಿದರು.

ಕುಂಭಾರಿ ದಾಟುವವರೆಗೆ ಸಾವುಕಾರರು ಮುಂದೆ, ಹುಲೆಪ್ಪ ಹಿಂದೆ. ಬಿಸಿಲೇರಿತು. ವಳಸಂಗ ಇನ್ನೂ ದೂರವಿರುವಾಗ ಸಾವುಕಾರರ ಹೆಜ್ಜೆ ಅಡ್ಡಾದಿಡ್ಡಿಯಾಯಿತು. ಅಂಗಿ ತೊಯ್ದು ಬೆನ್ನಿಗಂಟಿತು. ರಸ್ತೆ ಬದಿಯ ಒಂದು ಜಾಲಿ ಗಿಡದ ಮುಂದೆ ನಿಂತು, ಕೈ ಎತ್ತಿ, ಗಿಡವನ್ನು ಹರಾಜು ಹಾಕತೊಡಗಿದರು.

"ಕೊಲ್ಲಾಪುರಿ ಮಾಲ! ಒಂದನೇ ಸವಾಲ! ನಾಗಣಸೂರ ಬೀಗರು ಎಪ್ಪತ್ತು ಹೋಳಗಿ ಕೂಗ್ಯಾರ! ಎರಡನೇ ಸವಾಲ!"

ಹೊಲದಲ್ಲಿದ್ದ ನಾಲ್ಕು ಜನ ಓಡಿ ಬಂದರು. ಗುರುವಾರ, ಅಕ್ಕಲಕೋಟೆ ದಾರಿ, ಉಪವಾಸ, ನಡುಗುವ ಕೈ, ತೇಲುವ ಕಣ್ಣು. ಅವರಿಗೆ ಇನ್ನೇನು ಬೇಕು? "ಸ್ವಾಮಿಗಳು ಮೈಯಾಗ ಬಂದಾರ!" ಎಂದು ಒಬ್ಬಳು ಮುದುಕಿ ನೆಲಕ್ಕೆ ಹಣೆ ಹಚ್ಚಿ, "ನನ್ನ ಎಮ್ಮಿ ಎಂದ ಈಯತೈತರಿ ಅಪ್ಪಾ?" ಎಂದು ಕೇಳಿದಳು. "ಮೂರನೇ ಸವಾಲ!" ಎಂದರು ಸಾವುಕಾರರು. ಮುದುಕಿ ಮೂರು ದಿನ ಎಂದು ತಿಳಿದು ಸಂತೋಷಪಟ್ಟಳು. ಅಷ್ಟರಲ್ಲಿ ದೇವರು ಮೊಣಕಾಲೂರಿ ಕುಸಿಯಿತು.

ಹುಲೆಪ್ಪನಿಗೆ ಗಂಗುಬಾಯಿಯ ಮಾತು ನೆನಪಾಯಿತು. ಸಿಹಿ. ಕಿಸೆ ಖಾಲಿ. ತಲೆಯ ಮೇಲೆ ಐದು ಕಿಲೋ ಇದೆ, ಆದರೆ ಅದು ಸ್ವಾಮಿಗಳದು, ಮುದ್ರೆ ಒತ್ತಿದ್ದು. ಅವನು ಒಂದು ಗಳಿಗೆ ನಿಂತ. ಮುಟ್ಟಿದರೆ ತನ್ನ ಆಣೆಯ ಗತಿ ಏನೆಂದು ಹೊಳೆಯದಷ್ಟು ದಡ್ಡ ಅವನಲ್ಲ. ಸಾವುಕಾರರ ಕಣ್ಣು ಮೇಲೆ ತಿರುಗುತ್ತಿತ್ತು. ಹುಲೆಪ್ಪ ಗಂಟು ಹರಿದು, ಕಲ್ಲೆತ್ತಿ ಪೆಂಟೆಯ ಮೂಲೆ ಒಡೆದು, ಪುಡಿಯನ್ನು ತಾನು ದಾರಿಗೆಂದು ತಂದಿದ್ದ ನೀರಿನಲ್ಲಿ ಕದಡಿ, ಧಣಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದ.

"ಮೈಯಾಗಿನ ದೇವರಿಗೆ ಎಂಜಲ ಕೈಲೆ ಬೆಲ್ಲಾ ತುರಕತಾನ, ನೋಡ್ರಿ!" ಎಂದಳು ಮುದುಕಿ.

ಹತ್ತು ನಿಮಿಷಕ್ಕೆ ಸಾವುಕಾರರ ಕಣ್ಣು ನೆಟ್ಟಗಾಯಿತು. ಮೊದಲು ಕಂಡದ್ದು ಒಡೆದ ನೈವೇದ್ಯ. ಎರಡನೆಯದು ಹುಲೆಪ್ಪನ ಬೆರಳಿಗೆ ಅಂಟಿದ ಬೆಲ್ಲ.

"ಇಲ್ಲೂ ಬಿಡಲಿಲ್ಲೇನಲೇ?" ಎಂದರು.

ಸೊಲ್ಲಾಪುರಕ್ಕೆ ಹೋಗುತ್ತಿದ್ದ ಲಾರಿಯೊಂದನ್ನು ನಿಲ್ಲಿಸಿ, ಅವರನ್ನು ಹತ್ತಿಸಿಕೊಂಡು ಹುಲೆಪ್ಪ ಮರಳಿದ. ಆಣೆ ಅರ್ಧ ದಾರಿಯಲ್ಲಿ ಉಳಿಯಿತು.

ದವಾಖಾನೆಯಲ್ಲಿ ಡಾಕ್ಟರ್ ಅಮೃತಪ್ಪ ಹುಬ್ಬು ಗಂಟಿಕ್ಕಿದರು. "ಎರಡು ವಾರ ಇಟ್ಟಂಗಿ ಬಣ್ಣ ಬಂದ ಮನಷ್ಯಾ ಇಷ್ಟು ಕೆಳಗ ಹೆಂಗ ಬೀಳತಾನ? ಸಾವಕಾರ್ರ, ಖರೆ ಹೇಳ್ರಿ. ಆ ಬಾಟಲಿ ಯಾರದು?"

ಗಂಗುಬಾಯಿ ತಿರುಗಿ ನೋಡಿದಳು. ಆ ನೋಟದ ಮುಂದೆ ಅಕ್ಕಲಕೋಟೆಯ ಆಣೆ ಏನೂ ಅಲ್ಲ. ಸಾವುಕಾರರು ಬಾಗಿಲ ಕಡೆ ಬೆರಳು ತೋರಿಸಿದರು. ಬಾಗಿಲಲ್ಲಿ ಹುಲೆಪ್ಪ ನಿಂತಿದ್ದ.

ಮತ್ತೆ ದೀಪ, ಮತ್ತೆ ಎಂಟು ಹನಿ, ಮತ್ತೆ ಅದೇ ಕೆಂಪು. ಈ ಸಲ ಅದಕ್ಕೆ ಅವನದೇ ಹೆಸರಿತ್ತು.

"ನೀ ಬೆಲ್ಲಾ ತಿಂತಿ?" ಡಾಕ್ಟರು ಕೇಳಿದರು.

"ಇಲ್ಲರಿ. ರೊಟ್ಟಿ."

"ಅದೇ ನೋಡು! ರೊಟ್ಟಿನೂ ಹೊಟ್ಟ್ಯಾಗ ಸಕ್ರಿನ ಆಗೂದು. ತಿಂದ ಮ್ಯಾಲ ಆ ಸಕ್ರಿ ರಕ್ತದಾಗ ಬಂದು ನಿಲ್ಲತದ, ಪೇಠ್ಯಾಗ ಲಾರಿ ಬಂದು ನಿಂತಂಗ. ಲಾರಿ ಬಂತು ಅಂದ್ರ ಏನಾಗಬೇಕು?"

"ಹಮಾಲರು ಬರಬೇಕರಿ."

"ಭೇಷ್. ಹೊಟ್ಟಿ ಹಿಂದ ಒಂದು ಗ್ರಂಥಿ ಅದ, ಅದು ಹಮಾಲರನ್ನ ಕಳಸತದ. ಅವರ ಹೆಸರ ಇನ್ಸುಲಿನ್. ಸಕ್ರಿ ಹೊತ್ತು ಮೈಯಾಗಿನ ಮನಿ ಮನಿಗೆ ಮುಟ್ಟಸ್ತಾರ, ಉಳದದ್ದನ್ನ ಯಕೃತ್ತಿನ ಗೋದಾಮಿನಾಗ ಒಟ್ಟತಾರ. ಹೊಟ್ಟಿ ಖಾಲಿ ಇದ್ದಾಗ, ಮೈ ದುಡಿಯಾಕತ್ತಿದಾಗ, ಹಮಾಲರು ಹಿಂದ ಸರೀತಾರ, ಗೋದಾಮಿನ ಬಾಗಲ ತಗೀತದ, ಮಾಲು ಹೊರಗ ಬರತದ. ಹಿಂಗ ಆದ್ರ ರಕ್ತದಾಗ ಸಕ್ರಿ ಹೆಚ್ಚೂ ಆಗಂಗಿಲ್ಲ, ಕಡಿಮಿನೂ ಆಗಂಗಿಲ್ಲ. ನಿನ್ನ ಮೈಯಾಗ ಹಮಾಲರು ಸಂಪು ಹೂಡ್ಯಾರ, ಹುಲೆಪ್ಪಾ. ಲಾರಿ ಬಂದು ಬಂದು ನಿಲ್ಲತಾವ, ಇಳಸವರಿಲ್ಲ. ಮಾಲು ಉಚ್ಚ್ಯಾಗ ಸೋರಿ ಹೊಂಟದ. ಅದನ್ನ ಕೊಚ್ಚಿ ಹಾಕಾಕ ಮೈ ನೀರು ಬೇಡತದ."

"ಮತ್ತ ಸಾವಕಾರ್ರು ಬಿದ್ದದ್ದರಿ?"

"ಅವರಿಗೆ ಸೂಜಿಲೆ ಹಮಾಲರನ್ನ ಹೊಗಿಸಿದ್ವಿ, ನಿನ್ನ ಉಚ್ಚಿ ನೋಡಿ ಎರಡೆರಡು ಸಲ ಏರಿಸಿ. ಸೂಜ್ಯಾಗ ಬಂದ ಹಮಾಲರು ಹಿಂದ ಸರಿ ಅಂದ್ರ ಸರಿಯಂಗಿಲ್ಲ. ಉಪಾಸ, ಲಾರಿ ಬಂದಿಲ್ಲ. ನಡಿಗಿ, ಕಾಲಿನ ಸ್ನಾಯು ಸಕ್ರಿ ಎಳಕೋತದ. ಗೋದಾಮಿನ ಬಾಗಲಕ್ಕ ಈ ಹಮಾಲರು ಅಡ್ಡ ನಿಂತಾರ. ರಕ್ತ ಬರಿದಾತು, ಬುದ್ಧಿಗೆ ಸಕ್ರಿ ಸಿಗಲಿಲ್ಲ, ಜಾಲಿ ಗಿಡ ಹರಾಜಿಗೆ ಬಂತು."

ಸಾವುಕಾರರಿಗೆ ಇದರಲ್ಲಿ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಹುಲೆಪ್ಪನಿಗೆ ಎಲ್ಲವೂ ಹೋಯಿತು. ಹಮಾಲರ ಸಂಪು ಏನೆಂದು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ.

"ನೀ ಇಷ್ಟು ದಿನ ಬದುಕಿದ್ದು ಪೆಂಟಿ ಹೊತ್ತು," ಎಂದರು ಡಾಕ್ಟರು. "ದುಡಿಯೂ ಸ್ನಾಯು ಹಮಾಲನ ದಾರಿ ಕಾಯಂಗಿಲ್ಲ, ಹಿತ್ತಲ ಬಾಗಲ ತಗದು ತಾನ ಸಕ್ರಿ ಒಳಗ ತಗೋತದ. ಗುಳಿಗಿ ಕೊಡ್ತೀನಿ. ಹೊತ್ತಿಗೆ ಸರಿಯಾಗಿ ಉಣ್ಣು. ಕೆಲಸ ಮಾತ್ರ ಬಿಡಬ್ಯಾಡ. ಕುಂತಿ ಅಂದ್ರ ಕೆಟ್ಟಿ."

ಇಬ್ಬರೂ ಅಂಗಡಿಗೆ ಮರಳುವ ಮೊದಲೇ ಪೇಠೆ ತೀರ್ಪು ಕೊಟ್ಟಾಗಿತ್ತು. ಹೊಲದವರಿಂದ ಕೇಳಿ ಬಂದಿದ್ದ ಲಾರಿಯವನ ಬಾಯಿಂದ ಸುದ್ದಿ ಹಬ್ಬಿತ್ತು: ಸುಳ್ಳು ಆಣೆ ಮಾಡಲು ಹೊರಟವನನ್ನು ಸ್ವಾಮಿಗಳು ಅರ್ಧ ದಾರಿಯಲ್ಲಿ ತಡೆದರು, ಸಾವುಕಾರರ ಮೈಮೇಲೆ ಬಂದು ತಡೆದರು. ಆಗಲೂ ಕಳ್ಳ ಸುಮ್ಮನಿರದೆ ನೈವೇದ್ಯದ ಬೆಲ್ಲಕ್ಕೇ ಕೈ ಹಾಕಿದ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಒಂದು ಮಾತು ಸಾಕಿತ್ತು. ಸಾವುಕಾರರು ಗಲ್ಲೆಯ ಮೇಲೆ ಕೂತು, "ಇವ ಕಳ್ಳ ಅಲ್ಲ, ಇವಗ ರೋಗ ಅದ," ಎಂದರೆ ಮುಗಿಯುತ್ತಿತ್ತು. ಆದರೆ ಅದು ನಿಮಗೆ ಹೇಗೆ ಗೊತ್ತಾಯಿತು ಎಂದು ಪೇಠೆ ಕೇಳುತ್ತದೆ. ಎರಡು ಹೋಳಿಗೆಗಾಗಿ ಹಮಾಲನ ಉಚ್ಚೆಯನ್ನು ತನ್ನದೆಂದು ಕಳಿಸಿದವನು ಎಂಬ ಹೆಸರು ಸಾತಲಿಂಗಪ್ಪನವರ ಮೊಮ್ಮಕ್ಕಳ ಮದುವೆಯವರೆಗೂ ಬಾಳುತ್ತದೆ. ಇಪ್ಪತ್ತೇಳರ ಕೀರ್ತಿ ಒಂದು ಬಾಟಲಿಯಲ್ಲಿ ಮುಳುಗುತ್ತದೆ. ಅವರು ಪೇಠೆಯ ಕಡೆ ನೋಡಿದರು, ಹುಲೆಪ್ಪನ ಕಡೆ ನೋಡಿದರು.

"ಸ್ವಲ್ಪ ದಿನ ಊರಿಗೆ ಹೋಗು ಹುಲ್ಯಾ," ಎಂದರು ಮೆಲ್ಲಗೆ. "ಮಂದಿ ಮರೀತಾರ."

ಮಂದಿ ಮರೆಯಲಿಲ್ಲ, ಮೈಯೂ ಮರೆಯಲಿಲ್ಲ. ತಡವಳದ ಕಟ್ಟೆಯ ಮೇಲೆ ಹುಲೆಪ್ಪ ಜೀವಮಾನದಲ್ಲಿ ಮೊದಲ ಸಲ ಸಾವುಕಾರನಂತೆ ಕೂತ. ಕೂತದ್ದಕ್ಕೆ ತಕ್ಕಂತೆ ಸಾವುಕಾರಿಕೆ ರೋಗ ಬಲಿಯಿತು. ಬೆಲ್ಲದ ಕಳ್ಳನನ್ನು ಹೊಲದ ಕೆಲಸಕ್ಕೆ ಕರೆಯಲು ಊರವರೂ ಹಿಂದೆಮುಂದೆ ನೋಡಿದರು. ಗುಳಿಗೆ ಮುಗಿದವು. ಅಂಗಿ ಸಡಿಲಾಯಿತು, ಕಾಲಿನ ಒಂದು ಸಣ್ಣ ಗಾಯ ಮಾಯಲು ಎರಡು ತಿಂಗಳು ಬೇಡಿತು. ಮಲಕಮ್ಮ ಎರಡು ಹೊತ್ತು ನೀರು ತರುತ್ತಿದ್ದವಳು ನಾಲ್ಕು ಹೊತ್ತು ತರತೊಡಗಿದಳು.

"ನಿಮ್ಮ ಡಾಕ್ಟರ ಕಡಿಂದ ಒಂದು ಚೀಟಿ ಬರಸಿಕೊಂಡು ಪೇಠ್ಯಾಗ ತೋರಸ್ರಿ. ಬಾಯಿಲೆ ಹೇಳಿದ್ರ ಯಾರು ಕೇಳ್ತಾರ ನಿಮ್ಮದು?" ಎಂದಳು.

ದೀಪಾವಳಿಯ ಮುಂದೆ ಅವನು ಸೊಲ್ಲಾಪುರಕ್ಕೆ ಹೋದ. ಅಮೃತಪ್ಪನವರು ಮರಾಠಿಯಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟರು: ಈತನಿಗೆ ಸಕ್ಕರೆ ಕಾಯಿಲೆ ಇದೆ, ಉಚ್ಚೆಯಲ್ಲಿ ಸಕ್ಕರೆ ಬರುವುದು ರೋಗದಿಂದ, ಬೆಲ್ಲ ತಿಂದದ್ದರಿಂದಲ್ಲ. ಬಾಟಲಿ ಯಾರ ಹೆಸರಿನಲ್ಲಿ ಬಂದಿತ್ತು ಎಂಬುದನ್ನು ಬರೆಯಲಿಲ್ಲ. ರೋಗಿಯ ಗುಟ್ಟು ಕಾಯುವುದು ವೈದ್ಯಧರ್ಮ, ಮತ್ತು ಅವರಿಗೆ ಇಬ್ಬರೂ ರೋಗಿಗಳು.

ಪೀರಪ್ಪ ಮುಕಾದಮ ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಿದ. ಆಮೇಲೆ ನಗೆ ಲಾರಿಯಿಂದ ಲಾರಿಗೆ ಹಾರಿತು.

"ಸಕ್ರಿ ರೋಗ! ಹುಲ್ಯಾಗ! ಅಲೇ, ಅದು ತುಪ್ಪಾ ತಿಂದವರಿಗೆ ಬರೂ ರೋಗ. ನಿನಗ್ಹೆಂಗ ಬಂತು?" ಎಂದ ಒಬ್ಬ ಹಮಾಲ.

"ರೊಟ್ಟಿಯಿಂದ ಬರತೈತಂತರಿ ಸಕ್ರಿ."

"ರೊಟ್ಟಿಯಿಂದ! ಹಂಗಂದ್ರ ನಾವೆಲ್ಲಾ ಬೆಲ್ಲಾ ಯಾಕ ಹೊರಬೇಕು? ಜ್ವಾಳದ ಲಾರಿ ತರಸಿ ಸಕ್ರಿ ಕಾರಖಾನಿ ತಗೀಯೂಣು!" ಪೀರಪ್ಪ ಚೀಟಿಯನ್ನು ಮಡಚಿ ಮರಳಿಸಿದ. ದನಿ ತಗ್ಗಿಸಿದ. "ಹುಲೆಪ್ಪಾ, ನನಗ ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ನೀ ಆಣಿ ಮಾಡಲಿಲ್ಲ. ಸಾವಕಾರ್ರು ತಮ್ಮ ಬಾಯಿಲೆ ಒಂದು ಮಾತ ಅನ್ನಲಿ, ಈಗಿಂದೀಗ ಪೆಂಟಿ ಹೊರು."

ಹುಲೆಪ್ಪ ಅಂಗಡಿಯ ಕಡೆ ತಿರುಗಿದ. ಅಲ್ಲಿ ಕಂಡ ದೃಶ್ಯಕ್ಕೆ ಅವನ ಕಾಲು ನಿಂತಲ್ಲೇ ನಿಂತವು.

ಸಾತಲಿಂಗಪ್ಪ ಸಾವುಕಾರರು ಬೆಲ್ಲ ಹೊರುತ್ತಿದ್ದರು. ವ್ಯಾಯಾಮವಿಲ್ಲದೆ ಗತಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಉಂಡ ಮೇಲೆ, ಡಾಕ್ಟರು ಹೇಳಿದಷ್ಟು ಹೊತ್ತು, ಕಿಸೆಯಲ್ಲಿ ಸಕ್ಕರೆ ಇಟ್ಟುಕೊಂಡು. ಐದು ಕಿಲೋದ ಒಂದು ಪುಟ್ಟ ಪೆಂಟೆ, ಹೆಗಲಿಗೆ ಒತ್ತದಂತೆ ಮಖಮಲ್ಲಿನ ಗವಸು. ತಲೆಗೆ ಗೋಣಿತಟ್ಟಿನ ಬದಲು ರೇಷ್ಮೆ ರುಮಾಲು. ತಕ್ಕಡಿಯಿಂದ ಗೋದಾಮಿಗೆ, ಗೋದಾಮಿನಿಂದ ತಕ್ಕಡಿಗೆ. ಇಬ್ಬರು ಹಮಾಲರು ಕೆಲಸ ಬಿಟ್ಟು ಅಕ್ಕಪಕ್ಕ ನಡೆಯುತ್ತಿದ್ದರು, ಧಣಿ ಎಡವಿದರೆ ಹಿಡಿಯಲು. ಗುಮಾಸ್ತ ಗಟ್ಟಿಯಾಗಿ ಎಣಿಸುತ್ತಿದ್ದ: "ಹದಿನೆಂಟೂ... ಹತ್ತೊಂಬತ್ತೂ..." ಹುಲೆಪ್ಪನ ನಲವತ್ತು ಹೆಜ್ಜೆಯ ಸಾಮ್ರಾಜ್ಯಕ್ಕೆ ಹೊಸ ದೊರೆ ಬಂದಿದ್ದ.

"ಇಪ್ಪತ್ತೂ!" ಎಂದು ಪೆಂಟೆ ಇಳಿಸಿ ತಿರುಗಿದಾಗ ಸಾವುಕಾರರಿಗೆ ಹುಲೆಪ್ಪ ಕಂಡ. ಮುಖ ಅರಳಿತು. ನಿಜವಾಗಿಯೂ ಅರಳಿತು.

"ಹುಲ್ಯಾ! ನೋಡೋ, ಮೈ ಎಷ್ಟು ಹಗುರ ಆಗ್ಯದ! ಮೂರು ವಾರ ಆತು, ನೀಲಿ! ನನ್ನ ಸ್ವಂತದ್ದು!" ಕೊನೆಯ ಮಾತನ್ನು ಪಿಸುಗುಟ್ಟಿದರು. "ನೀ ಯಾಕ ಇಷ್ಟು ಸೊರಗಿದಿ?"

"ಕುಂತೀನರಿ ಸಾವಕಾರ್ರ. ಪಗಾರ ಬ್ಯಾಡರಿ. ದಿನಾ ನಾಕು ಪೆಂಟಿ ಹೊರಾಕ ಕೊಡ್ರಿ, ಔಷಧಕ್ಕ. ಮುಕಾದಮ್ರು ನಿಮ್ಮ ಒಂದು ಮಾತಿಗೆ ಕಾಯಾಕತ್ಯಾರ."

ಪೀರಪ್ಪ, ಗುಮಾಸ್ತ, ಹಮಾಲರು ಎಲ್ಲರೂ ಸಾವುಕಾರರ ಬಾಯಿ ನೋಡಿದರು. ಆ ಬಾಯಿ ತೆರೆಯಿತು. ಇಪ್ಪತ್ತೇಳು ಹೋಳಿಗೆಗೆ ಹೆದರದೆ ತೆರೆದಿದ್ದ ಬಾಯಿ ಒಂದು ಮಾತಿಗೆ ಹೆದರಿ ಮುಚ್ಚಿತು. ಅವರು ಬಗ್ಗಿ ಪೆಂಟೆಯನ್ನು ಮತ್ತೆ ಹೆಗಲಿಗೇರಿಸಿಕೊಂಡರು.

"ಇಪ್ಪತ್ತೊಂದೂ," ಎಂದ ಗುಮಾಸ್ತ.

ಹುಲೆಪ್ಪ ಊರಿಗೆ ಮರಳುವ ಎಸ್ಟಿ ಬಸ್ಸಿನ ಕಡೆ ಹೋಗಲಿಲ್ಲ. ಮರುದಿನ ನಸುಕಿನಲ್ಲಿ ಎರಡು ರೊಟ್ಟಿ ಉಂಡು ಅಕ್ಕಲಕೋಟೆ ದಾರಿ ಹಿಡಿದ. ಡಾಕ್ಟರು ನಡೆ ಎಂದಿದ್ದರು, ನಡೆದ. ಕುಂಭಾರಿ ದಾಟಿದ. ಹರಾಜಾಗದೆ ಉಳಿದಿದ್ದ ಜಾಲಿ ಗಿಡ ದಾಟಿದ. ವಳಸಂಗದಲ್ಲಿ ನೀರು ಕುಡಿದ. ಸಂಜೆಯ ಆರತಿಯ ಹೊತ್ತಿಗೆ ಆಲದ ಮರದ ಕೆಳಗೆ ನಿಂತು, ಕಟ್ಟೆಯ ಮೇಲೆ ಕೈಯಿಟ್ಟು, "ನಾ ಬೆಲ್ಲಾ ತಿಂದಿಲ್ಲರಿ ಅಪ್ಪಾ," ಎಂದು ದೊಡ್ಡ ದನಿಯಲ್ಲಿ ಹೇಳಿದ.

ಪೂಜಾರಿ ತಿರುಗಿ ನೋಡಿದ. "ಯಾರ ಸಲುವಾಗಿ ಆಣಿ? ಎದುರಿನವರು ಎಲ್ಲಿ?"

"ಬಂದಿಲ್ಲರಿ."

"ಎದುರಿನವರಿಲ್ಲದ ಆಣಿ ಯಾರಿಗೆ ಬೇಕೋ ಮಾರಾಯಾ?" ಎಂದ ಪೂಜಾರಿ, ಯಾರೋ ಭಕ್ತರ ನೈವೇದ್ಯದಿಂದ ಒಂದು ತುಂಡು ಮುರಿದು ಅವನ ಅಂಗೈಗೆ ಹಾಕಿದ. "ತಗೋ, ಪ್ರಸಾದ."

ಬೆಲ್ಲ. ಒಳ್ಳೆಯ ಮಾಲು, ಹೊಂಬಣ್ಣದ್ದು. ಹಮಾಲನ ಬೆರಳಿಗೆ ಮುಟ್ಟಿದ ಕೂಡಲೇ ತಿಳಿಯಿತು. ಹುಲೆಪ್ಪ ಅದನ್ನು ಧೋತರದ ತುದಿಗೆ ಕಟ್ಟಿಕೊಂಡ.

ಮರುದಿನ ತಡವಳದಲ್ಲಿ ಮಲಕಮ್ಮ ಗಂಟು ಬಿಚ್ಚಿ ನೋಡಿದಳು. ಚೀಟಿ ಏನಾಯಿತು ಎಂದು ಕೇಳಲಿಲ್ಲ. ಗಂಡನ ಮುಖದಲ್ಲೇ ಅದು ಬರೆದಿತ್ತು. ತುಂಡನ್ನು ಮೂಸಿದಳು, ನಾಲಿಗೆಗೆ ಹಚ್ಚಿದಳು.

"ಹದಿನೈದು ವರ್ಷ ಬೆಲ್ಲದ ಪೇಠ್ಯಾಗ ದುಡದ್ರಿ," ಎಂದಳು. "ಮನಿಗೆ ಬೆಲ್ಲಾ ತಂದದ್ದು ಇವತ್ತ."